ಟಯರು ರಬ್ಬರಿನ ರಕ್ಷಕ ರಾಸಾಯನಿಕ 6-ಪಿಪಿಡಿ: ಗುಣಲಕ್ಷಣಗಳು, ವಿಷಕಾರಿತ್ವ ಹಾಗೂ ಅರ್ಜಿದಾರರಿಗೆ ಮಾಹಿತಿ

ರಬ್ಬರ್ ಅಚ್ಚು ಘಟಕ, ಟಯರು ರೀಟ್ರೆಡಿಂಗ್ ಘಟಕ, ಹಳೆಯ ಟಯರುಗಳ ದಾಸ್ತಾನು ಮಳಿಗೆ ಮುಂತಾದವುಗಳಿಗೆ ಸಮ್ಮತಿ ಅಥವಾ ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರು ತಾವು ಬಳಸುವ ರಾಸಾಯನಿಕಗಳ ವಿವರವನ್ನು ಅರ್ಜಿಯೊಂದಿಗೆ ನೀಡಬೇಕಾಗಿರುತ್ತದೆ. ಯಶವಂತಪುರ, ಪೀಣ್ಯ, ಹೆಬ್ಬಾಳ, ಆರ್.ಟಿ. ನಗರ ಮತ್ತು ಯಲಹಂಕ ಭಾಗಗಳಲ್ಲಿ ಇಂತಹ ಸಣ್ಣ ಘಟಕಗಳೂ ಟಯರು ಅಂಗಡಿಗಳೂ ಇದ್ದು, ಅವುಗಳ ಪಕ್ಕದಲ್ಲಿಯೇ ಕೆರೆಗಳೂ ರಾಜಕಾಲುವೆಗಳೂ ಇರುತ್ತವೆ. ಆದುದರಿಂದ ಟಯರು ರಬ್ಬರಿಗೆ ಸೇರಿಸುವ ರಾಸಾಯನಿಕಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೆ ಬಂದಿರುವ 6-ಪಿಪಿಡಿ ಎಂಬ ಪದಾರ್ಥದ ಬಗ್ಗೆ ಅರ್ಜಿದಾರರು, ಕಾರ್ಮಿಕರು ಮತ್ತು ಕೆರೆಯ ಆಸುಪಾಸಿನ ನಿವಾಸಿಗಳ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಪದಾರ್ಥದ ಪರಿಚಯ

6-ಪಿಪಿಡಿ ಎಂಬುದು ಸಂಕ್ಷಿಪ್ತ ಹೆಸರು. ಇದರ ಪೂರ್ಣ ರಾಸಾಯನಿಕ ಹೆಸರು ಎನ್-(1,3-ಡೈಮಿಥೈಲ್‌ಬ್ಯುಟೈಲ್)-ಎನ್'-ಫಿನೈಲ್-ಪ್ಯಾರಾ-ಫಿನೈಲೀನ್‌ಡೈಅಮೈನ್. ಇದರ ಒಂದು ಅಣುವಿನಲ್ಲಿ 18 ಇಂಗಾಲ, 24 ಜಲಜನಕ ಮತ್ತು 2 ಸಾರಜನಕ ಪರಮಾಣುಗಳಿದ್ದು, ಅಣುತೂಕ ಸುಮಾರು 268 ಆಗಿರುತ್ತದೆ. ಅಂತರರಾಷ್ಟ್ರೀಯ ಸಿಎಎಸ್ ನೋಂದಣಿ ಸಂಖ್ಯೆ 793-24-8. ಮಾರುಕಟ್ಟೆಯಲ್ಲಿ ಈ ಹೆಸರಿನಿಂದ ಚೀಲ ದೊರೆಯುವುದು ಅಪರೂಪ. ಪಿಲ್‌ಫ್ಲೆಕ್ಸ್ 13, ಸ್ಯಾಂಟೋಫ್ಲೆಕ್ಸ್, ವಲ್ಕನಾಕ್ಸ್ 4020 ಮುಂತಾದ ವ್ಯಾಪಾರಿ ಹೆಸರುಗಳಲ್ಲಿ ಇದು ಮಾರಾಟವಾಗುತ್ತದೆ. ಖರೀದಿ ಬಿಲ್ಲಿನಲ್ಲಿ "ರಬ್ಬರ್ ಕೆಮಿಕಲ್" ಎಂದಷ್ಟೇ ಬರೆಸಿಕೊಳ್ಳುವ ಪದ್ಧತಿ ಅನೇಕ ಸಣ್ಣ ಘಟಕಗಳಲ್ಲಿದೆ. ಅಂತಹ ಬಿಲ್ಲಿನಿಂದ ಘಟಕದಲ್ಲಿ ಯಾವ ಪದಾರ್ಥ ಎಷ್ಟು ಬಳಕೆಯಾಗಿದೆ ಎಂಬ ಲೆಕ್ಕ ಸಿಗುವುದಿಲ್ಲ. ಅವಘಡವಾದಾಗ ವೈದ್ಯರಿಗೂ ಅದರಿಂದ ಸಹಾಯವಾಗುವುದಿಲ್ಲ. ವ್ಯಾಪಾರಿ ಹೆಸರನ್ನೂ ಸಿಎಎಸ್ ಸಂಖ್ಯೆಯನ್ನೂ ಬಿಲ್ಲಿನಲ್ಲಿ ನಮೂದಿಸುವಂತೆ ಸರಬರಾಜುದಾರರನ್ನು ಕೇಳಿಕೊಳ್ಳುವುದು ಸೂಕ್ತ.

ಶುದ್ಧ ಪದಾರ್ಥವು ಕಂದು ಅಥವಾ ನೇರಳೆ ಮಿಶ್ರಿತ ಕಂದು ಬಣ್ಣದ ಹಳಕು ಇಲ್ಲವೇ ಗುಳಿಗೆಗಳ ರೂಪದಲ್ಲಿರುತ್ತದೆ. ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಬೆಂಗಳೂರಿನಂತಹ ತಂಪು ಊರಿನಲ್ಲಿ ಇದು ದೊಡ್ಡ ಸಂಗತಿಯಲ್ಲವೆನಿಸಬಹುದು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಛಾವಣಿಗೆ ತಾಗಿದಂತೆ ಪೇರಿಸಿದ ಚೀಲಗಳು ಆ ಮಟ್ಟಕ್ಕೆ ಹತ್ತಿರ ಬರಬಲ್ಲವು. ಆಗ ಗುಳಿಗೆಗಳು ಅಂಟಿ ಹೆಂಟೆಗಟ್ಟುತ್ತವೆ, ಕೆಲಸಗಾರರು ಅವನ್ನು ಕೈಯಿಂದ ಒಡೆಯುತ್ತಾರೆ, ಪುಡಿ ಚರ್ಮಕ್ಕೆ ಹತ್ತುತ್ತದೆ. ನೀರಿನಲ್ಲಿ ಇದು ಬಹಳ ಕಡಿಮೆ ಕರಗುತ್ತದೆ: ಲೀಟರಿಗೆ ಸುಮಾರು 1 ಮಿಲಿಗ್ರಾಂ. ಕೊಬ್ಬಿನಂತಹ ಜಿಡ್ಡು ಪದಾರ್ಥಗಳಲ್ಲಿ ಮಾತ್ರ ಸುಲಭವಾಗಿ ಬೆರೆಯುತ್ತದೆ. ಈ ಕಾರಣದಿಂದ ಬರಿಯ ನೀರಿನಲ್ಲಿ ಕೈ ತೊಳೆದರೆ ಹೋಗುವುದಿಲ್ಲ, ಸಾಬೂನು ಅಗತ್ಯ. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಕೈ ಉಜ್ಜಿಕೊಳ್ಳುವುದು ಅದಕ್ಕಿಂತ ಕೆಟ್ಟ ಅಭ್ಯಾಸ, ಏಕೆಂದರೆ ಅವು ಚರ್ಮದ ಜಿಡ್ಡನ್ನು ತೆಗೆದು ರಾಸಾಯನಿಕ ಒಳಗಿಳಿಯಲು ದಾರಿ ಮಾಡಿಕೊಡುತ್ತವೆ.

ಟಯರಿನಲ್ಲಿ ಇದರ ಕೆಲಸ

ರಬ್ಬರಿನ ದೊಡ್ಡ ಶತ್ರು ಗಾಳಿಯಲ್ಲಿರುವ ಓಜೋನ್ ಅನಿಲ. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸಿದಾಗ ನೆಲಮಟ್ಟದಲ್ಲಿ ಓಜೋನ್ ಉಂಟಾಗುತ್ತದೆ. ಅದು ರಬ್ಬರಿನ ಅಣುಸರಪಳಿಯನ್ನು ಕತ್ತರಿಸುವುದರಿಂದ ಎಳೆತಕ್ಕೆ ಒಳಗಾದ ಟಯರಿನ ಬದಿಯಲ್ಲಿ ಸೀಳುಗಳು ಮೂಡುತ್ತವೆ. 6-ಪಿಪಿಡಿಯು ರಬ್ಬರಿನ ಒಳಗಿನಿಂದ ನಿಧಾನವಾಗಿ ಮೇಲ್ಮೈಗೆ ಬಂದು, ರಬ್ಬರಿಗಿಂತ ಮೊದಲೇ ಓಜೋನಿನೊಂದಿಗೆ ತಾನು ವರ್ತಿಸಿ ಖರ್ಚಾಗುತ್ತದೆ. ಹೀಗೆ ಸವೆದಷ್ಟನ್ನೂ ಒಳಗಿನ ದಾಸ್ತಾನು ತುಂಬಿಕೊಡುತ್ತದೆ. ಬಹುಕಾಲ ಬಿಸಿಲಿನಲ್ಲಿ ನಿಂತ ಟಯರಿನ ಬದಿಯು ಕಂದು ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅದು ಬಹುಮಟ್ಟಿಗೆ ಕೊಳೆಯಲ್ಲ, ಮೇಲ್ಮೈಗೆ ಬಂದ ಈ ಬಗೆಯ ಪದಾರ್ಥವೇ.

1960ರ ದಶಕದಿಂದ ಇದು ಟಯರು ಉದ್ಯಮದಲ್ಲಿ ಬಳಕೆಯಲ್ಲಿದ್ದು, ಟಯರಿನ ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ಎಂಟು ಕಿಲೋಗ್ರಾಂ ತೂಕದ ಕಾರಿನ ಟಯರೊಂದರಲ್ಲಿ ಹೀಗೆ ಸುಮಾರು 80 ಗ್ರಾಂ ಇದೆಯೆಂದಾಯಿತು. ಇದನ್ನು ತೆಗೆದುಬಿಟ್ಟರೆ ಟಯರು ಬೇಗ ಸೀಳಿ ಪ್ರಯಾಣಿಕರ ಪ್ರಾಣಕ್ಕೆ ಅಪಾಯವಾಗುತ್ತದೆ. ಆದ್ದರಿಂದ ಬದಲಿ ಸಿಗುವವರೆಗೆ ಯಾವ ದೇಶವೂ ಇದನ್ನು ಒಮ್ಮೆಲೇ ನಿಷೇಧಿಸಲು ಮುಂದಾಗಿಲ್ಲ.

ವಿಷಕಾರಿತ್ವದ ಹೊಸ ತಿಳಿವಳಿಕೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ನಗರಗಳ ತೊರೆಗಳಿಗೆ ಮೊಟ್ಟೆಯಿಡಲು ಬರುತ್ತಿದ್ದ ಕೋಹೋ ಸಾಲ್ಮನ್ ಮೀನುಗಳು ಮಳೆ ಬಿದ್ದ ಬಳಿಕ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಕಾರಣ ಬಹಳ ವರ್ಷ ತಿಳಿದಿರಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡವು ಟಯರು ಪುಡಿಯನ್ನು ನೆನೆಸಿದ ನೀರಿನಲ್ಲಿದ್ದ ಸಾವಿರಾರು ಪದಾರ್ಥಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಾ ಹೋಗಿ, 2020ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಉತ್ತರವನ್ನು ಪ್ರಕಟಿಸಿತು. 6-ಪಿಪಿಡಿ ಓಜೋನಿನೊಂದಿಗೆ ವರ್ತಿಸಿದಾಗ ಉಂಟಾಗುವ 6-ಪಿಪಿಡಿ-ಕ್ವಿನೋನ್ ಎಂಬ ಪದಾರ್ಥವೇ ಮೀನುಗಳ ಸಾವಿಗೆ ಕಾರಣವಾಗಿತ್ತು. ಅಂದರೆ ರಬ್ಬರನ್ನು ಕಾಪಾಡುವ ಕ್ರಿಯೆಯೇ ವಿಷವನ್ನು ಹುಟ್ಟಿಸುತ್ತದೆ. ಚೀಲದ ಮೇಲಿನ ಲೇಬಲ್ ಅಥವಾ ಮಾಹಿತಿ ಪತ್ರದಲ್ಲಿ ಮೂಲ ಪದಾರ್ಥದ ವಿವರ ಮಾತ್ರ ಇರುವುದು ಸಾಮಾನ್ಯ. ರಸ್ತೆಯ ಮೇಲೆ ಅದು ಏನಾಗಿ ಬದಲಾಗುತ್ತದೆ ಎಂಬುದು ಅಲ್ಲಿ ಇರಲೇಬೇಕೆಂದಿಲ್ಲ.

ಪ್ರಮಾಣದ ಬಗ್ಗೆ ಒಂದು ಮಾತು. ಪರೀಕ್ಷೆಗೆ ಒಳಪಟ್ಟ ಕೋಹೋ ಮೀನುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆಯನ್ನು ಮೊದಲು ಲೀಟರಿಗೆ ಸುಮಾರು 0.8 ಮೈಕ್ರೋಗ್ರಾಂ ಎಂದು ತಿಳಿಸಲಾಗಿತ್ತು. ಶುದ್ಧ ಮಾದರಿ ದೊರೆತ ನಂತರ 2022ರಲ್ಲಿ ಅದೇ ತಂಡ ಅದನ್ನು 95 ನ್ಯಾನೋಗ್ರಾಂ ಎಂದು ಪರಿಷ್ಕರಿಸಿತು. ಒಂದು ಗ್ರಾಂ ಪದಾರ್ಥವನ್ನು ಸುಮಾರು 1 ಕೋಟಿ ಲೀಟರ್ ನೀರಿಗೆ ಬೆರೆಸಿದರೆ ಈ ಸಾಂದ್ರತೆ ಬರುತ್ತದೆ. ಒಂದು ಟಯರು ತನ್ನ ಆಯುಷ್ಯದಲ್ಲಿ ಒಂದು ಕಿಲೋಗ್ರಾಂ ರಬ್ಬರನ್ನು ರಸ್ತೆಗೆ ಸವೆಸಿತೆಂದು ಇಟ್ಟುಕೊಂಡರೆ ಅದರಲ್ಲಿ ಸುಮಾರು 10 ಗ್ರಾಂ 6-ಪಿಪಿಡಿ ಇರುತ್ತದೆ. ಅದೆಲ್ಲವೂ ಕ್ವಿನೋನ್ ಆಗುವುದಿಲ್ಲ, ಆದದ್ದೆಲ್ಲವೂ ನೀರನ್ನು ಸೇರುವುದಿಲ್ಲ. ಆದರೂ ಲೆಕ್ಕದ ಗಾತ್ರ ಇದರಿಂದ ಮನದಟ್ಟಾಗುತ್ತದೆ.

ಆದರೆ ಈ ವಿಷ ಎಲ್ಲ ಜೀವಿಗಳಿಗೂ ಒಂದೇ ತೆರನಾಗಿಲ್ಲ. ರೇನ್‌ಬೋ ಟ್ರೌಟ್ ಮೀನು ಲೀಟರಿಗೆ ಸುಮಾರು 1 ಮೈಕ್ರೋಗ್ರಾಂ ಸಾಂದ್ರತೆಯಲ್ಲಿ ಸಾಯುತ್ತದೆ. ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದಲ್ಲಿ ಈ ಮೀನನ್ನು ಸಾಕುತ್ತಾರೆ. ಅದೇ ಸಾಲ್ಮನ್ ಕುಟುಂಬದ ಅಟ್ಲಾಂಟಿಕ್ ಸಾಲ್ಮನ್ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಜಪಾನಿನ ಸಂಶೋಧಕರು 2021ರಲ್ಲಿ ಜೀಬ್ರಾ ಮೀನು ಮತ್ತು ಮೆಡಾಕಾ ಮೀನುಗಳನ್ನು ಪರೀಕ್ಷಿಸಿದಾಗ, ನೀರಿನಲ್ಲಿ ಕರಗುವ ಗರಿಷ್ಠ ಪ್ರಮಾಣದಲ್ಲಿಯೂ ಅವು ತಕ್ಷಣ ಸಾಯಲಿಲ್ಲ. ಜೀಬ್ರಾ ಮೀನು ಭಾರತ ಉಪಖಂಡದ್ದೇ ಆಗಿದ್ದು, ನಮ್ಮ ಕೆರೆಗಳ ಕಾಟ್ಲಾ, ರೋಹು, ಮೃಗಾಲ್‌ಗಳು ಸೇರಿರುವ ಗೆಂಡೆ ಮೀನುಗಳ ಗಣಕ್ಕೆ ಸೇರಿದುದಾಗಿದೆ. ಇಷ್ಟರಿಂದ ನಮ್ಮ ಸಾಕು ಮೀನುಗಳೆಲ್ಲವೂ ಸುರಕ್ಷಿತವೆಂದು ತೀರ್ಮಾನಿಸುವಂತಿಲ್ಲ. ಒಂದೇ ಕುಟುಂಬದೊಳಗೆ ಇಷ್ಟು ವ್ಯತ್ಯಾಸ ಇರುವಾಗ ಆಯಾ ಜಾತಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಹೆಬ್ಬಾಳದ ಕೆರೆ ಮತ್ತು ರಸ್ತೆಯ ನೀರು

ಬಳ್ಳಾರಿ ರಸ್ತೆ ಮತ್ತು ಹೊರ ವರ್ತುಲ ರಸ್ತೆ ಕೂಡುವ ಹೆಬ್ಬಾಳ ಜಂಕ್ಷನ್ ಕೆರೆಯ ಅಂಚಿನಲ್ಲಿಯೇ ಇದೆ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಮೇಲ್ಸೇತುವೆಯ ಮೇಲಿನ ವಾಹನ ದಟ್ಟಣೆ ಬಹಳ ಏರಿದೆ. ನಿಂತು ನಿಂತು ಸಾಗುವ, ಬ್ರೇಕ್ ಹಾಕುವ, ತಿರುವಿನಲ್ಲಿ ಹೊರಳುವ ಕಡೆಗಳಲ್ಲಿ ಟಯರು ಹೆಚ್ಚು ಸವೆಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ ರಸ್ತೆಯಂಚಿನಲ್ಲಿ ಕೂಡಿಕೊಂಡ ಈ ಕಪ್ಪು ಧೂಳು ಮುಂಗಾರುಪೂರ್ವದ ಮೊದಲ ಜೋರು ಮಳೆಗೆ ಒಮ್ಮೆಲೇ ಚರಂಡಿ ಸೇರುತ್ತದೆ. ಇಲ್ಲಿಂದ ನೀರು ಹೆಬ್ಬಾಳ ಕಣಿವೆಯ ಕೆರೆಗಳ ಸರಣಿಯಲ್ಲಿ ಮುಂದೆ ಹರಿಯುತ್ತದೆ.

ಬೆಂಗಳೂರಿನ ಕೆರೆಗಳಲ್ಲಿ ಮೀನುಗಳ ಸಾಮೂಹಿಕ ಸಾವು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಇದೇ ಕಾಲದಲ್ಲಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ಹೀಗೆ ಕಾಲ ಕೂಡಿಬಂದಿದೆ ಎಂಬ ಮಾತ್ರಕ್ಕೆ ಟಯರು ರಾಸಾಯನಿಕವನ್ನು ದೂರುವುದು ಸರಿಯಾಗಲಾರದು. ಒಳಚರಂಡಿ ನೀರು ಸೇರಿ ಕರಗಿದ ಆಮ್ಲಜನಕ ಕುಸಿಯುವುದು ಇಲ್ಲಿನ ಕೆರೆಗಳಲ್ಲಿ ಮೀನು ಸಾಯಲು ಬಹುಕಾಲದಿಂದ ತಿಳಿದಿರುವ ಮುಖ್ಯ ಕಾರಣ. ದೂರು ನೀಡುವವರು ಸತ್ತ ಮೀನಿನ ಫೋಟೋ ಜೊತೆಗೆ ದಿನಾಂಕ, ಸಮಯ, ಮಳೆ ಬಿದ್ದ ವಿವರ, ಯಾವ ಕಾಲುವೆಯ ಬಾಯಿಯ ಹತ್ತಿರ ಮೀನುಗಳು ತೇಲಿದವು ಎಂಬುದನ್ನು ತಿಳಿಸಿದಲ್ಲಿ ಕಾರಣ ಹುಡುಕುವುದು ಸುಲಭವಾಗುತ್ತದೆ. "ರಾಸಾಯನಿಕ ಬಿಟ್ಟಿದ್ದಾರೆ" ಎಂಬ ಒಂದೇ ಸಾಲಿನ ದೂರಿನಿಂದ ಮಾದರಿ ಎಲ್ಲಿ ತೆಗೆಯಬೇಕೆಂಬುದೂ ತಿಳಿಯುವುದಿಲ್ಲ.

ಕೆರೆಗಳ ನೀರನ್ನು ಕರಗಿದ ಆಮ್ಲಜನಕ, ಜೈವಿಕ ಆಮ್ಲಜನಕ ಬೇಡಿಕೆ, ಕೋಲಿಫಾರ್ಮ್ ಮುಂತಾದ ಮಾನದಂಡಗಳ ಮೇಲೆ ಎ ಇಂದ ಇ ವರೆಗೆ ವರ್ಗೀಕರಿಸಲಾಗುತ್ತದೆ. 6-ಪಿಪಿಡಿ-ಕ್ವಿನೋನ್ ಈ ಪಟ್ಟಿಯಲ್ಲಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿಯೂ ಇದಕ್ಕೆ ಮಿತಿ ನಿಗದಿಯಾಗಿಲ್ಲ. ನ್ಯಾನೋಗ್ರಾಂ ಮಟ್ಟವನ್ನು ಅಳೆಯಲು ದ್ರವ ವರ್ಣರೇಖನ ಮತ್ತು ರಾಶಿ ರೋಹಿತಮಾಪಕಗಳನ್ನು ಜೋಡಿಸಿದ ದುಬಾರಿ ಉಪಕರಣ ಬೇಕು. ಆದ್ದರಿಂದ ವರದಿಯಲ್ಲಿ ಇದರ ಹೆಸರು ಇಲ್ಲದಿರುವುದನ್ನು ನೀರಿನಲ್ಲಿ ಇದು ಇಲ್ಲವೆಂದು ಓದಿಕೊಳ್ಳಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಲೀಟರಿಗೆ 11 ನ್ಯಾನೋಗ್ರಾಂ ಎಂಬ ಮಾರ್ಗದರ್ಶಿ ಮೌಲ್ಯವನ್ನು ಪ್ರಕಟಿಸಿದೆ. ಇದು ಕಾನೂನಿನ ಮಿತಿಯಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 2023ರ ಅಕ್ಟೋಬರ್ 1ರಿಂದ, ಈ ಪದಾರ್ಥವಿರುವ ಟಯರುಗಳ ತಯಾರಕರು ಬದಲಿಗಳನ್ನು ಪರಿಶೀಲಿಸಬೇಕೆಂಬ ನಿಯಮ ತಂದಿದೆ. ಇದೇ ಗುಂಪಿನ ಇತರ ಕೆಲವು ರಾಸಾಯನಿಕಗಳೂ ಓಜೋನಿನಿಂದ ತಮ್ಮ ತಮ್ಮ ಕ್ವಿನೋನ್‌ಗಳನ್ನು ಕೊಡುವುದರಿಂದ ಬದಲಿ ಹುಡುಕುವುದು ನಿರೀಕ್ಷಿಸಿದಷ್ಟು ಸುಲಭವಾಗಿಲ್ಲ.

ಪರಿಹಾರದ ಒಂದು ದಾರಿ ಮಾತ್ರ ಅಗ್ಗದ್ದು. ರಸ್ತೆಯ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಪದರದ ಮೂಲಕ ಇಳಿಸಿದಾಗ ಅದೇ ಕೋಹೋ ಮೀನುಗಳು ಬದುಕುಳಿದದ್ದು ವಾಷಿಂಗ್ಟನ್ ರಾಜ್ಯದ ಪ್ರಯೋಗಗಳಲ್ಲಿ ಕಂಡುಬಂದಿದೆ. ಬಡಾವಣೆಗಳ ಸಂಘಗಳು ರಸ್ತೆಯಂಚಿನ ಹುಲ್ಲುಪಟ್ಟಿಯನ್ನು ಕಾಂಕ್ರೀಟಿನಿಂದ ಮುಚ್ಚಿಸುವಂತೆ ಅರ್ಜಿ ಸಲ್ಲಿಸುವ ಮುನ್ನ ಈ ಅಂಶವನ್ನು ಗಮನಿಸುವುದು ಒಳ್ಳೆಯದು.

ಮನುಷ್ಯರ ಮೇಲಿನ ಪರಿಣಾಮ

ಕೆಲಸಗಾರರ ಮಟ್ಟಿಗೆ ಖಚಿತವಾಗಿ ತಿಳಿದಿರುವ ತೊಂದರೆ ಚರ್ಮದ ಅಲರ್ಜಿ. 6-ಪಿಪಿಡಿ ಚರ್ಮ ಸಂವೇದಕವಾಗಿದೆ. ಮೊದಲ ಸಲ ಮುಟ್ಟಿದಾಗ ಏನೂ ಆಗದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬೆರಳುಗಳ ಸಂದಿಯಲ್ಲಿ, ಅಂಗೈಯಲ್ಲಿ, ಮುಂಗೈಯಲ್ಲಿ ತುರಿಕೆ, ಕೆಂಪು, ನೀರುಗುಳ್ಳೆ, ಬಿರುಕು ಕಾಣಿಸಿಕೊಳ್ಳುತ್ತದೆ. ಒಮ್ಮೆ ದೇಹ ಅಲರ್ಜಿ ಕಲಿತರೆ ಅದು ಹೋಗುವುದಿಲ್ಲ. ನಂತರ ಅತಿ ಕಡಿಮೆ ಸಂಪರ್ಕವೂ ಸಾಕಾಗುತ್ತದೆ. ಪಂಕ್ಚರ್ ಅಂಗಡಿಯ ಹುಡುಗರು, ರೀಟ್ರೆಡಿಂಗ್‌ನಲ್ಲಿ ಟಯರು ಉಜ್ಜುವವರು, ಹಳೆಯ ಟಯರು ಹೊರುವವರು ಇದನ್ನು ಗ್ರೀಸಿನ ತೊಂದರೆಯೆಂದು ಭಾವಿಸಿ ಮುಲಾಮು ಹಚ್ಚಿಕೊಂಡು ಅದೇ ಕೆಲಸ ಮುಂದುವರಿಸುವುದುಂಟು. ಹತ್ತಿರದ ಸಂಬಂಧಿಯಾದ ಐಪಿಪಿಡಿ ಎಂಬ ರಾಸಾಯನಿಕ ಇನ್ನೂ ಪ್ರಬಲ ಸಂವೇದಕ. ಕೂದಲಿಗೆ ಹಚ್ಚುವ ಕಪ್ಪು ಬಣ್ಣದಲ್ಲಿರುವ ಪಿಪಿಡಿ ಕೂಡ ಇದೇ ಮನೆತನದ್ದು. ಕೂದಲ ಬಣ್ಣದಿಂದ ಹಿಂದೆ ಮುಖ ಬಾತುಕೊಂಡಿದ್ದವರು ಕಪ್ಪು ರಬ್ಬರಿನ ಕೆಲಸಕ್ಕೆ ಸೇರುವ ಮುನ್ನ ವೈದ್ಯರಿಗೆ ಆ ವಿಷಯ ತಿಳಿಸುವುದು ಮೇಲು.

ಕ್ಯಾನ್ಸರಿನ ಬಗ್ಗೆ ಅರ್ಜಿದಾರರು ಆಗಾಗ ಕೇಳುವುದರಿಂದ ಇಷ್ಟು ವಿವರ ಅಗತ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಬ್ಬರ್ ತಯಾರಿಕಾ ಉದ್ಯಮದಲ್ಲಿನ ಕೆಲಸವನ್ನು ಒಟ್ಟಾಗಿ ಒಂದನೇ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ಗುಂಪಿನಲ್ಲಿ ಇರಿಸಿದೆ. ಇದು ಉದ್ಯಮದ ಎಲ್ಲ ಧೂಳು, ಹೊಗೆ, ದ್ರಾವಕಗಳನ್ನು ಸೇರಿಸಿ ಹೇಳಿದ ಮಾತು, 6-ಪಿಪಿಡಿಯೊಂದನ್ನೇ ಕುರಿತದ್ದಲ್ಲ. ಬ್ರಿಟನ್ನಿನಲ್ಲಿ ಹಿಂದೆ ಬಳಸುತ್ತಿದ್ದ ಬೇರೊಂದು ರಬ್ಬರ್ ರಕ್ಷಕದಲ್ಲಿ ಬೀಟಾ-ನ್ಯಾಫ್ಥೈಲಮೈನ್ ಕಲ್ಮಶವಾಗಿ ಸೇರಿದ್ದು, ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡುಬಂದ ಮೇಲೆ 1949ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಮೂತ್ರದಲ್ಲಿ ರಕ್ತ ಕಂಡ ಹಳೆಯ ರಬ್ಬರ್ ಕೆಲಸಗಾರರು ನೋವಿಲ್ಲವೆಂದು ಸುಮ್ಮನಿರದೆ ತಮ್ಮ ಕೆಲಸದ ಇತಿಹಾಸವನ್ನು ವೈದ್ಯರಿಗೆ ಹೇಳಬೇಕು.

ಕ್ವಿನೋನ್ ಮನುಷ್ಯರ ದೇಹ ಸೇರುತ್ತದೆ ಎಂಬುದು ಚೀನಾದ ದಕ್ಷಿಣ ಭಾಗದಲ್ಲಿ ಮೂತ್ರದ ಮಾದರಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಅದರಿಂದ ಯಾವ ಕಾಯಿಲೆ, ಎಷ್ಟು ಪ್ರಮಾಣದಲ್ಲಿ ಎಂಬುದು ಇನ್ನೂ ಸ್ಥಾಪಿತವಾಗಿಲ್ಲ.

ಮನೆ, ಶಾಲೆ, ಆಟದ ಮೈದಾನ

ಹಳೆಯ ಟಯರನ್ನು ಶಾಲೆಯ ಉಯ್ಯಾಲೆಯಾಗಿ ಬಳಸುವುದರಿಂದ ಗಾಬರಿಪಡುವ ಕಾರಣವಿಲ್ಲ. ಆಟದ ಬಳಿಕ ಕೈ ತೊಳೆದರೆ ಸಾಕು. ಟರ್ಫ್ ಮೈದಾನಗಳಲ್ಲಿ ಕೃತಕ ಹುಲ್ಲಿನ ನಡುವೆ ಸುರಿಯುವ ಕಪ್ಪು ಕಾಳುಗಳು ಬಹುತೇಕ ಟಯರು ಪುಡಿಯೇ ಆಗಿರುತ್ತವೆ. ಮಕ್ಕಳು ಬೂಟು, ಕಾಲುಚೀಲಗಳನ್ನು ಮನೆಯ ಹೊರಗೆ ಕೊಡವಿಕೊಳ್ಳುವುದು ಹಾಗೂ ಮೈದಾನದ ಮಾಲೀಕರು ತೊಳೆದ ನೀರನ್ನು ನೇರವಾಗಿ ಮಳೆನೀರು ಚರಂಡಿಗೆ ಬಿಡದಿರುವುದು ಅವಶ್ಯ. ತಾರಸಿಯ ಮೇಲೆ ಟಯರು ಕುಂಡ ಮಾಡಿ ಸೊಪ್ಪು ಬೆಳೆಯುವವರಿಗೆ ಮಾತ್ರ ಬೇರೆ ಸಲಹೆ ಇದೆ. ಲೆಟಿಸ್ ಸೊಪ್ಪು ಬೇರಿನ ಮೂಲಕ ಈ ರಾಸಾಯನಿಕಗಳನ್ನು ಹೀರಿಕೊಂಡು ಎಲೆಗೆ ಸಾಗಿಸಬಲ್ಲದೆಂದು ವಿಯೆನ್ನಾದ ಸಂಶೋಧಕರು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಟಯರು ಕುಂಡಗಳನ್ನು ಹೂಗಿಡಕ್ಕೆ ಮೀಸಲಿಡಬಹುದು, ದಂಟು ಪಾಲಕ್‌ಗಳಿಗೆ ಮಣ್ಣಿನ ಕುಂಡವೇ ಒಳ್ಳೆಯದು.

ಟಯರು ಸುಡುವುದು ಬೇರೆಯೇ ಮಟ್ಟದ ಅಪಾಯ. ಅಲ್ಲಿ 6-ಪಿಪಿಡಿ ಚಿಕ್ಕ ಸಂಗತಿ. ಬೆಂಜೀನ್, ಗಂಧಕದ ಡೈಆಕ್ಸೈಡ್, ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಮತ್ತು ಸೂಕ್ಷ್ಮ ಮಸಿ ಒಟ್ಟಿಗೆ ಹೊರಬರುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರ ಆದೇಶದಲ್ಲಿ ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ ಪ್ರಕರಣಕ್ಕೆ 25,000 ರೂಪಾಯಿ ಪರಿಸರ ಪರಿಹಾರ ವಿಧಿಸಿದೆ. ಚಳಿಗೆ ಬೆಂಕಿ ಕಾಯಿಸುವ ಉದ್ದೇಶವೂ ಇದಕ್ಕೆ ವಿನಾಯಿತಿಯಾಗುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದದ್ದು

ಘಟಕ ಆರಂಭಿಸುವ ಮುನ್ನ 1974ರ ಜಲ ಕಾಯಿದೆ ಮತ್ತು 1981ರ ವಾಯು ಕಾಯಿದೆಗಳ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ ಹಾಗೂ ಕಾರ್ಯಾಚರಣೆ ಸಮ್ಮತಿ ಅಗತ್ಯವೇ ಎಂಬುದು ಘಟಕದ ವರ್ಗವನ್ನು ಅವಲಂಬಿಸಿರುತ್ತದೆ. ಬಿಸಿ ವಿಧಾನವೋ ತಣ್ಣನೆಯ ವಿಧಾನವೋ, ಬಾಯ್ಲರಿಗೆ ಯಾವ ಇಂಧನ, ಬಫಿಂಗ್ ಯಂತ್ರಕ್ಕೆ ಧೂಳು ಸಂಗ್ರಾಹಕ ಇದೆಯೇ, ಬಫಿಂಗ್ ಪುಡಿಯನ್ನು ತಿಂಗಳಿಗೆ ಎಷ್ಟು ಕಿಲೋ ಯಾರಿಗೆ ಮಾರಲಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಪುಡಿ ಮಾರಿದ ಲೆಕ್ಕಕ್ಕೂ ರಬ್ಬರ್ ಖರೀದಿಯ ಲೆಕ್ಕಕ್ಕೂ ತಾಳೆಯಾಗದಿದ್ದಲ್ಲಿ ಉಳಿದದ್ದು ಚರಂಡಿಗೆ ಹೋಗಿದೆ ಎಂಬ ಅನುಮಾನ ಸಹಜವಾಗಿ ಮೂಡುತ್ತದೆ. ಉದ್ದಿಮೆ ಪರವಾನಗಿಗೆ, 2025ರ ಸೆಪ್ಟೆಂಬರಿನಲ್ಲಿ ರಚನೆಯಾದ ಐದು ನಗರ ಪಾಲಿಕೆಗಳ ಪೈಕಿ ಸ್ಥಳ ಯಾವುದರ ವ್ಯಾಪ್ತಿಗೆ ಬರುತ್ತದೆಯೋ ಆ ಪಾಲಿಕೆಯನ್ನು ಸಂಪರ್ಕಿಸಬೇಕು.

ತ್ಯಾಜ್ಯ ಟಯರುಗಳ ಬಗ್ಗೆ 2022ರ ಜುಲೈನಲ್ಲಿ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ತಂದ ತಿದ್ದುಪಡಿಯಂತೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಜಾರಿಯಲ್ಲಿದೆ. ಟಯರು ಉತ್ಪಾದಕರೂ ಮರುಬಳಕೆದಾರರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕಾಗಿರುತ್ತದೆ. ಅಂಗಡಿಯವರು ಹಳೆಯ ಟಯರನ್ನು ಕೊಡುವಾಗ ಕೊಳ್ಳುವವರ ನೋಂದಣಿ ಸಂಖ್ಯೆ ಕೇಳಿ ರಸೀದಿ ಇಟ್ಟುಕೊಳ್ಳುವುದು ಅವರಿಗೇ ರಕ್ಷಣೆ.

ಕಾರ್ಮಿಕರ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. 1948ರ ಕಾರ್ಖಾನೆಗಳ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಎಂಬುದು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಲು ಮೊದಲು 10 ಕೆಲಸಗಾರರು ಸಾಕಾಗುತ್ತಿತ್ತು. ಈಗ 20 ಮಂದಿ ಬೇಕು. ಯಶವಂತಪುರದ ಕಡೆಯ ಎಂಟು ಹತ್ತು ಜನರ ರೀಟ್ರೆಡಿಂಗ್ ಮಳಿಗೆಗಳು ಇದರಿಂದ ಕಾರ್ಖಾನೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕೈಗವಸು ಕೊಡಿಸುವುದು, ಸಾಬೂನು ನೀರು ಇಡುವುದು, ಧೂಳು ಹೀರುವ ಯಂತ್ರ ಕೂಡಿಸುವುದು ಇಂತಹ ಕಡೆ ಮಾಲೀಕರ ವಿವೇಚನೆಯನ್ನೇ ಹೆಚ್ಚು ಅವಲಂಬಿಸಿದೆ. ಕೈಗವಸು ನೈಟ್ರೈಲ್‌ನದಾಗಿರಲಿ, ಕಪ್ಪು ರಬ್ಬರಿನ ಕೈಗವಸಿನಲ್ಲಿ ಇದೇ ಬಗೆಯ ರಾಸಾಯನಿಕ ಇರುವ ಸಂಭವವಿದೆ.

ರಾಸಾಯನಿಕ ಸಂಪರ್ಕದಿಂದ ಬರುವ ಔದ್ಯೋಗಿಕ ಚರ್ಮರೋಗವು ಸಂಹಿತೆಯ ಮೂರನೇ ಅನುಸೂಚಿಯ ಅಧಿಸೂಚಿತ ಕಾಯಿಲೆಗಳಲ್ಲಿ ಸೇರಿದೆ. ಇಎಸ್‌ಐ ಚೀಟಿ ಉಳ್ಳವರು ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ, ಇಲ್ಲದವರು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಪ್ಯಾಚ್ ಪರೀಕ್ಷೆಯ ಬಗ್ಗೆ ವಿಚಾರಿಸಬಹುದು. ಹೋಗುವಾಗ ಚೀಲದ ಲೇಬಲ್ಲಿನ ಫೋಟೋ ಅಥವಾ ಸುರಕ್ಷತಾ ಮಾಹಿತಿ ಪತ್ರದ ಪ್ರತಿಯನ್ನು ಒಯ್ಯಬೇಕು. ಮಾಹಿತಿ ಪತ್ರವನ್ನು ಸರಬರಾಜುದಾರರು ಒದಗಿಸುತ್ತಾರೆ. ಮಾಲೀಕರು ಅದನ್ನು ಕಬ್ಬಿಣದ ಬೀರುವಿನಲ್ಲಿಡದೆ ಕೆಲಸದ ಸ್ಥಳದಲ್ಲಿ ಕನ್ನಡದಲ್ಲಿ ಬರೆಸಿ ತೂಗುಹಾಕತಕ್ಕದ್ದು. ಹೊರ ರಾಜ್ಯದ ಕೆಲಸಗಾರರಿದ್ದಲ್ಲಿ ಅವರ ಭಾಷೆಯಲ್ಲಿಯೂ ಇರಲಿ.

ಕೆರೆ ನೀರಿನ ಪರೀಕ್ಷಾ ವರದಿಗಳು ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯಲ್ಲಿ ಕೆರೆಯ ಹೆಸರು, ಬೇಕಾದ ತಿಂಗಳು ಮತ್ತು ವರ್ಷ, ಬೇಕಾದ ಮಾನದಂಡಗಳ ಹೆಸರುಗಳನ್ನು ಬರೆದಲ್ಲಿ ಉತ್ತರ ನಿಖರವಾಗಿ ದೊರೆಯುತ್ತದೆ.